ಚುಕ್ಕಿ ಬಿದ್ದ ಚರಿಗೆ

ಗುರುಪಾದನ ಸಿಟ್ಟು ನೆತ್ತಿಗೇರಿತ್ತು. ದಹಿಸರ್ ಸ್ಟೇಷನ್ ಹತ್ತಿರದ ಅವನ ಪಾತ್ರೆ ಅಂಗಡಿಗೆ ಕನ್ನಡದವರು ಹುಡುಕಿಕೊಂಡು ಬರುತ್ತಿದ್ದುದೇ ಹೆಸರು ಕೊರೆಸಲಿಕ್ಕೆ. ಕೊರೆಯುವ ಯಂತ್ರಕ್ಕೆ ಕನ್ನಡ ಅಕ್ಷರ ಹೇಳಿಕೊಡುವುದು ಒಂದು ಹಳೇ ಸಾಫ್ಟ್‌ವೇರ್. ಅದಿದ್ದ ಕಂಪ್ಯೂಟರ್ ಮೊನ್ನೆ ಹೊಗೆಯುಗುಳಿ ಸತ್ತಿತು. ಹೊಸದರಲ್ಲಿ ಸಾಫ್ಟ್‌ವೇರೇನೋ ತೆರೆಯಿತು. ಆದರೆ ಯಂತ್ರದ ಸೂಜಿ ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು, ನಿಂತಲ್ಲೆಲ್ಲ ಚುಕ್ಕಿ ಒತ್ತುತ್ತಿತ್ತು.

"ಇದೇನೋ ಗುರುಪಾದಾ, ನನ್ನ ಮಗಳ ಹೆಸರಿಗೆ ಸಿಡುಬು ಬಂದಂಗ ಆಗೇತಲ್ಲೋ!" ಗಿರಾಕಿ ಕಸ್ತೂರಿಬಾಯಿ ಚರಿಗೆ ಎತ್ತಿ ಹಿಡಿದಳು. "ಸಂಜಿ ಗಾಡಿಗೆ ಆಕಿ ಮದುವಿಗಂತ ವಿಜಯಪುರಕ್ಕ ಹೊಂಟೀವಿ."

"ಬಾಜೂ ಅಂಗಡ್ಯಾಗ ಮರಾಠಿಯೊಳಗ ಹಾಕಸ್ರಿ, ಯವ್ವಾ."

"ಓದಾಕ ಬರೂದಿಲ್ಲಂತ ಹೇಳಿ ನಮ್ಮ ಬೀಗತಿ ಇವನ್ನ ತನ್ನ ಪಾತ್ರ್ಯಾಗ ಸೇರಿಸಿಕೊಂಡ್ರ?"

ಅವನು ಎಣ್ಣೆ ಬಿಟ್ಟಾಯಿತು, ಸೂಜಿ ಬದಲಿಸಿಯಾಯಿತು. ಸಾಫ್ಟ್‌ವೇರಿನಲ್ಲಿ ವೇಗ ಏರಿಸಿದರೆ ಯಂತ್ರ ಹುಚ್ಚುಹುಚ್ಚಾಗಿ ಗೀಚಿತು. ಕೊನೆಗೆ ಕಂಪ್ಯೂಟರ್ ಮಾರಿದ ಸುಪ್ರಜಾಳಿಗೆ ಫೋನು ಮಾಡಿ ಕರೆಸಿ, ಆಕೆ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ:

"ಹೊಸಾದು ಅಂತ ಎಂಥಾ ಸೋಮಾರಿ ಎಮ್ಮಿ ತಂದು ಕಟ್ಟೀರಿ ಮೇಡಂ!"

"ಕೂಗ್ಬೇಡಿ ಅಣ್ಣಾ, ಮೊದ್ಲು ನೋಡೋಣ." ಸೂಜಿಯ ಆಟ ನೋಡಿ, ಆಕೆ ಯಂತ್ರಕ್ಕೂ ಕಂಪ್ಯೂಟರಿಗೂ ನಡುವಿನ ಹೊಸ ಕೇಬಲ್ ಮುಟ್ಟಿದಳು. "ಎಮ್ಮೆ ಅಲ್ಲ, ಇದು ಶೇರ್ ರಿಕ್ಷಾ. ಹಳೇ ಕಂಪ್ಯೂಟರ್‌ಗೆ ಮಶೀನು ಸೀದಾ ಸೇರ್ತಿತ್ತು. ಹೊಸದಕ್ಕೆ ಅಂಥ ಜಾಗಾನೇ ಇಲ್ಲ, ಅದಕ್ಕೆ ಈ ಕೇಬಲ್. ಮಶೀನು ಪ್ರತಿ ಹೆಜ್ಜೆಗೂ 'ಆಯ್ತು, ಮುಂದಿನ್ದು ಕೊಡು' ಅಂತ ಒಬ್ಬನೇ ಪ್ಯಾಸೆಂಜರ್ ಕಳಿಸುತ್ತೆ. ಕೇಬಲ್ಲು ಸೀಟು ತುಂಬಲಿ ಅಂತ ಕಾಯುತ್ತೆ."

"ಹಂಗಾದ್ರ ಒಬ್ಬನ್ನೇ ಕೂಡಿಸಿಕೊಂಡು ಹೊಂಡು ಅನ್ರಿ ಅದಕ್ಕ!"

"ಅದನ್ನೇ ಹೇಳ್ತಾ ಇದೀನಿ."

ವೇಗವನ್ನು ಮೊದಲಿನಷ್ಟಕ್ಕೇ ಇಳಿಸಿ, ಕೇಬಲ್ಲಿನ ಸೆಟ್ಟಿಂಗ್ ತೆರೆದು, ಕಾಯುವ ಹೊತ್ತನ್ನು ಹದಿನಾರು ಮಿಲಿಸೆಕೆಂಡಿನಿಂದ ಒಂದಕ್ಕೆ ತಂದಳು. ತಗಡಿನ ಚೂರಿನ ಮೇಲೆ ಒಮ್ಮೆ ಕೊರೆಸಿ ನೋಡಿದರು. ಆಮೇಲೆ ಕೊಡ ಇಟ್ಟರು.

ಸೂಜಿ ಝುಂ ಎಂದು, ಎಲ್ಲೂ ತಡವರಿಸದೆ, 'ಮ'ದ ಹೊಟ್ಟೆ ಸುತ್ತಿ 'ಹಾ'ಕ್ಕೆ ದಾಟಿತು. ಕಸ್ತೂರಿಬಾಯಿಯ ಮಗಳ ಹೆಸರು ಮಹಾದೇವಿ ಎಂದು ಪೂರಾ ಮೂಡಿದಾಗ ಗುರುಪಾದ ಬೆರಳಾಡಿಸಿ ನೋಡಿದ. ಒಂದೂ ಚುಕ್ಕಿಯಿಲ್ಲ. ಬೋರಲು ಹಾಕಿದ್ದ ಹಂಡೆಯ ಮೇಲೆ ಕೂತುಬಿಟ್ಟ.

"ಮೇಡಂ, ಎಮ್ಮಿ ಅಂದಿದ್ದು ಮನಸಿಗೆ ಹಚ್ಚಿಕೋಬ್ಯಾಡ್ರಿ. ಚಾ ಕುಡೀರಿ."

ಗಾಡಿಯ ಹೊತ್ತಿಗಿಂತ ಮೊದಲೇ ಪಾತ್ರೆಗಳೆಲ್ಲ ಗೋಣಿಚೀಲ ಸೇರಿದವು. ಚುಕ್ಕಿ ಬಿದ್ದ ಚರಿಗೆಯ ಬದಲು ಹೊಸದು ಕೊಡಲು ಗುರುಪಾದ ಕೈ ಚಾಚಿದರೆ ಕಸ್ತೂರಿಬಾಯಿ ತಡೆದಳು.

"ಇರಲಿ ಬಿಡೋ. ಎಲ್ಲಾದಕ್ಕಿಂತ ಮ್ಯಾಲ ಇಡು, ಬೀಗತಿ ಕಣ್ಣಿಗೆ ಬೀಳೂವಂಗ. ಸೇರಿಸಿಕೊಳ್ಳೂದಿದ್ರ ಅದನ್ನ ಸೇರಿಸಿಕೊಳ್ಳಲಿ!"

ಬೆಳಗಿನಿಂದ ಹಲ್ಲು ಕಡಿಯುತ್ತಿದ್ದ ಗುರುಪಾದ ಹೊಟ್ಟೆ ಹಿಡಿದುಕೊಂಡು ನಕ್ಕ.