ಗನಿಯ ಜೇಬಿನ ಸ್ವಿಚ್ಚು

ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ಗನಿಯ ಗ್ಯಾರೇಜು, ಅದರ ಬೆನ್ನಿಗೇ ಮನೆ. ಆವತ್ತು ಬೆಳಿಗ್ಗೆ ಹತ್ತೂಕಾಲಿಗೆ ಚಹಾ ತಂದ ಹೆಂಡತಿ ಜೈನಾಬ್, ಲೋಟ ಇಡಲು ಜಾಗವಿಲ್ಲದೆ ಮೇಜಿನ ಮೇಲಿದ್ದ ಹಳೇ ಪೇಪರನ್ನು ಸರಿಸಿದಳು.

"ಇದೇನು ಇದು, ಬಿಸ್ಕತ್ತಿನಷ್ಟಗಲ? ತೊಳೆದು ಒಣಗೋಕೆ ಬೇರೆ ಇಟ್ಟಿದ್ದೀರಿ. ನನ್ನ ಪಾತ್ರೆಗಳಿಗೂ ಈ ಭಾಗ್ಯ ಇಲ್ಲ."

ಗನಿ ನಗುತ್ತ ತಿರುಗಿದ. ಕಂಡದ್ದೇ ತಡ, ನಗು ಮುಖದ ಮೇಲೇ ಸತ್ತುಹೋಯಿತು. ಅದು ಗಿರೀಶನ ಕೆಂಪು ಕಾರಿನ ಸ್ವಿಚ್ಚು. ಗಾಡಿ ನಿನ್ನೆ ಸಂಜೆಯೇ ಹೋಗಿಯಾಗಿತ್ತು.

ಗುಡ್ನಾಪುರದ ಗಿರೀಶ ಆ ಗಾಡಿಯನ್ನು ಹತ್ತು ವರ್ಷ ರ‍್ಯಾಲಿಗಳಲ್ಲಿ ಓಡಿಸಿದವನು. ಹೋದ ವರ್ಷ ಬೈಕಿನಿಂದ ಬಿದ್ದು ಎಡಮೊಣಕಾಲಿಗೆ ರಾಡು ಹಾಕಿಸಿಕೊಂಡ ಮೇಲೆ ಕ್ಲಚ್ ಒತ್ತುವುದು ಮುಗಿಯಿತು. ಗಾಡಿ ಮಾರು ಎಂದರೆ ಊಟ ಬಿಟ್ಟು ಏಳುತ್ತಿದ್ದ. ಕೊನೆಗೆ ಅದೇ ಮಾಡೆಲ್ಲಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ಎರಡು ತಿಂಗಳು ಗನಿ ಅದರ ಜೊತೆ ಗುದ್ದಾಡಿದ. ಗಿರೀಶನ ತಾಯಿ ಗಿರಿಜವ್ವ ಮಗನ ಸಂಗಡ ಬಂದಾಗಲೆಲ್ಲ ಗನಿಗೆ ರೊಟ್ಟಿಯ ಗಂಟು ತರುತ್ತಿದ್ದಳು. ಅವನು ತಿಂದು ಕೈ ತೊಳೆಯುವ ತನಕ ಗಾಡಿಯ ಮಾತು ಎತ್ತಗೊಡುತ್ತಿರಲಿಲ್ಲ.

ಗೇರು ನಿಲ್ಲಿಸುವ 'ಪಿ' ಅಥವಾ ಖಾಲಿ 'ಎನ್'ನಲ್ಲಿ ಇದ್ದರೆ ಮಾತ್ರ ಇಂಜಿನ್ ಸ್ಟಾರ್ಟ್ ಆಗಲು ಬಿಡುವುದು ಈ ಸ್ವಿಚ್ಚಿನ ಕೆಲಸ. ತೊಳೆಯಲು ಬಿಚ್ಚಿದಾಗ, ಎರಡು ದಿನದ ಮಟ್ಟಿಗೆ ಇರಲಿ ಎಂದು ಅದರ ವೈರುಗಳನ್ನು ಗನಿಯೇ ತಿರುಚಿ ಕೂಡಿಸಿದ್ದ. ಮತ್ತೆ ಕೂರಿಸಲು ಮರೆತ. ಈಗ ಗಾಡಿ ಯಾವ ಗೇರಿನಲ್ಲಿದ್ದರೂ ಸ್ಟಾರ್ಟ್ ಆಗುತ್ತದೆ. ಓಡುವ ಗೇರಿನಲ್ಲಿದ್ದರೆ ನೆಗೆಯುತ್ತದೆ.

"ಗೇರಿನಾಗ ಇಟ್ಟೇ ನಿಲ್ಲಸೂದು ನನ್ನ ರೂಢಿ, ಗನಿ ಭಾಯ್" ಎಂದು ಗಿರೀಶ ನಿನ್ನೆಯೂ ಹೇಳಿದ್ದ. ಕೀಲಿ ತಿರುಗಿಸುವಾಗಲೇ ಬಲಗಾಲಿನಿಂದ ಒಂದು ರೇಸ್ ಕೊಡುವ ಚಟವೂ ಅವನದು.

"ಇವತ್ತು ಅವರ ಗಾಡಿಪೂಜೆ ಅಲ್ವಾ, ಹನ್ನೊಂದಕ್ಕೆ?" ಎಂದಳು ಜೈನಾಬ್. "ನಿಮ್ಮನ್ನೂ ಕರೆದಿದ್ರು."

ಚಕ್ರದಡಿ ಲಿಂಬೆಹಣ್ಣು. ಬಾನೆಟ್ಟಿನ ಮುಂದೆ ಆರತಿ ಹಿಡಿದ ಗಿರಿಜವ್ವ. ಒಳಗೆ ಕೀಲಿ ಹಿಡಿದ ಗಿರೀಶ. ಎಲ್ಲವೂ ಗನಿಯ ಕಣ್ಣಿಗೆ ಕಟ್ಟಿತು. ಗಿರೀಶನಿಗೆ ಫೋನು ಮಾಡಿದ.

ಫೋನು ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಸ್ವಿಚ್ಚನ್ನೂ ಬೋಲ್ಟು ಬಿಚ್ಚುವ ಎರಡು ಪಾನಾಗಳನ್ನೂ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ. ಬನವಾಸಿ ರಸ್ತೆಯ ಪ್ರತಿ ತಿರುವಿನಲ್ಲೂ ಕೆಂಪು ಬಾನೆಟ್ಟೇ ಕಣ್ಣಿಗೆ ಬರುತ್ತಿತ್ತು. ನಡುದಾರಿಯಲ್ಲಿ ನಿಂತು ಮತ್ತೆ ಫೋನು ಮಾಡುವಾಗ ಪರಿಚಯದ ಚನ್ನಯ್ಯ ಗೂಡಂಗಡಿಯಿಂದ ಎದ್ದು ಬಂದ.

"ನಿಂತದ್ದು ಛಲೋ ಆತು ಸಾಹೇಬ್ರ. ನನ್ನ ಮೊಪೆಡ್ ಒಂಚೂರು ಕೆಮ್ಮಾಕತ್ತೈತಿ, ನೋಡ್ರಿ."

"ಚನ್ನಯ್ಯ, ಗಿರೀಶನ ಮನಿಯವರ ಬೇರೆ ನಂಬರ್ ಐತೇನು ನಿನ್ನ ಹತ್ರ?"

"ನಂಬರ್ ಯಾಕ್ರಿ, ಅವ್ರು ಈಗ ಪೂಜ್ಯಾಗ ಇರ್ತಾರ. ನೀವೂ ಅಲ್ಲಿಗೇ ಹೊಂಟೀರಲ್ಲ. ಹೋಳಿಗಿ ಎಲ್ಲಿ ಓಡಿ ಹೋಗ್ತಾವು?"

ಗನಿ ಬೈಕಿಗೆ ಗೇರು ಹಾಕಿದ.

ಗಿರೀಶನ ಮನೆಯ ಅಂಗಳಕ್ಕೆ ಬಂದಾಗ ಹನ್ನೊಂದಾಗಲು ಎರಡು ನಿಮಿಷ. ಗಾಡಿ ಹೂವಿನ ಹಾರ ಹಾಕಿಕೊಂಡು ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತಿತ್ತು. ಗೋಡೆಗೂ ಗಾಡಿಗೂ ನಡುವೆ ಎರಡು ಮಾರು ಜಾಗ. ಅಲ್ಲಿ ಗಿರಿಜವ್ವ ಕುಕ್ಕರುಗಾಲಿನಲ್ಲಿ ಕೂತು ಚಕ್ರಕ್ಕೆ ಲಿಂಬೆಹಣ್ಣು ಒತ್ತಿಡುತ್ತಿದ್ದಳು. ಒಳಗೆ ಗಾಜು ಏರಿಸಿಕೊಂಡು, ಹಾಡು ಹಾಕಿಕೊಂಡು ಗಿರೀಶ. ಬೆರಳು ಕೀಲಿಯ ಮೇಲೆ.

ಕೂಗಲು ಬಾಯಿ ತೆರೆದ ಗನಿ, ಹಾಗೇ ಮುಚ್ಚಿದ. ಕೂಗಿ ಕೈ ಬೀಸಿದರೆ, ಗಾಡಿ ತೆಗೆ ಎನ್ನುತ್ತಿದ್ದಾನೆ ಎಂದು ಗಿರೀಶ ತಿಳಿದುಕೊಂಡರೆ? ಮೆಲ್ಲಗೆ ಹೆಜ್ಜೆಯಿಡುತ್ತ ಹತ್ತಿರ ಹೋದ.

"ಅವ್ವಾ, ಸ್ವಲ್ಪ ಈ ಕಡೆ ಬರ್ರಿ."

"ಬಂದ್ಯಾ? ಹೊತ್ತಿಗೆ ಸರಿಯಾಗಿ ಬಂದಿ ನೋಡು. ತಡಿ, ಈ ಲಿಂಬಿಹಣ್ಣು ನಿಂದ್ರವಲ್ಲದು."

"ಗಾಡಿಯಾಗ ಒಂದು ದೋಷ ಉಳದೈತ್ರಿ ಅವ್ವಾ, ಏಳ್ರಿ."

"ಪೂಜಿ ಹೊತ್ತಿನಾಗ ಅಂಥಾ ಮಾತು ಆಡಬಾರದು, ಗನಿ." ಅವಳು ತಲೆ ಕೂಡ ಎತ್ತಲಿಲ್ಲ. ಆರತಿಯ ತಟ್ಟೆಗೆ ಕೈ ಹಾಕಿದಳು.

ಅವಳ ರೊಟ್ಟಿಯ ಗಂಟು ಗನಿಗೆ ನೆನಪಾಯಿತು. ಆಗ ಹೊಳೆಯಿತು.

"ಅವ್ವಾ, ಬಾಯಿ ಒಣಗೇತ್ರಿ. ಒಂದ್ ಗುಟುಕು ನೀರು ಕೊಡ್ರಿ."

ಗಿರಿಜವ್ವನ ಕೈ ನಿಂತಿತು. ಮನೆಗೆ ಬಂದವರು ನೀರು ಕೇಳಿದ ಮೇಲೆ ಕೂತಿರುವುದು ಅವಳಿಂದ ಆಗದ ಮಾತು. "ಬಿಸಲಾಗ ಬಂದೀಯಪ್ಪ, ನಾನೂ ಕೇಳಲಿಲ್ಲ ನೋಡು" ಎಂದು ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದಳು. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಬಾನೆಟ್ಟು ದಾಟಿದಳು.

ತಾಯಿ ಎದ್ದದ್ದನ್ನು ಕಂಡ ಗಿರೀಶ ಪೂಜೆ ಮುಗಿಯಿತೆಂದುಕೊಂಡ. ಕೀಲಿ ತಿರುಗಿತು.

ಗಾಡಿ ಒಮ್ಮೆಲೇ ಎಗರಿತು. ಲಿಂಬೆಹಣ್ಣು ಸಿಡಿದವು, ತಟ್ಟೆ ಚಪ್ಪಟೆಯಾಯಿತು, ಬಂಪರು ಗೋಡೆಗೆ ಗುದ್ದಿ ಮಣ್ಣಿನ ಹೆಂಟೆಗಳು ಬಾನೆಟ್ಟಿನ ಮೇಲೆ ಉದುರಿದವು. ಕೊಟ್ಟಿಗೆಯಲ್ಲಿ ಎಮ್ಮೆ ಒದರತೊಡಗಿತು.

ಗಿರೀಶ ಇಳಿದು ಬಂದವನು ತಾಯಿ ಕೂತಿದ್ದ ಜಾಗವನ್ನೇ ನೋಡುತ್ತ ನಿಂತ. ತುಟಿ ಬಿಳಿಚಿಕೊಂಡಿತ್ತು.

"ನನ್ನ ಕಾಲು ನನ್ನ ಮಾತು ಕೇಳೂದಿಲ್ಲ, ಗನಿ ಭಾಯ್. ಅವ್ವ ಅಲ್ಲೇ ಕುಂತಿದ್ದಳು. ಇನ್ನ ಮ್ಯಾಲೆ ಗಾಡಿ ಮುಟ್ಟೂದಿಲ್ಲ."

ಗನಿ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ಅವನಿಗೆ ಹೊಳೆಯದೆ ಇರಲಿಲ್ಲ. ಜೇಬಿಗೆ ಕೈ ಹಾಕಿದ.

"ನಿನ್ನ ಕಾಲಲ್ಲ ತಮ್ಮಾ. ಇದು. ಇದನ್ನ ಹಾಕೂದು ನಾ ಮರೆತೆ. ತಪ್ಪು ನಂದು."

ಕಟ್ಟೆಯ ಮೇಲೆ ಚೊಂಬು ಹಿಡಿದು ನಿಂತಿದ್ದ ಗಿರಿಜವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಇಳಿದು ಬಂದು, ಚೊಂಬನ್ನು ತಾನೇ ಎತ್ತಿ ಅವನ ಬೊಗಸೆಗೆ ನೀರು ಸುರಿದಳು. ಅರ್ಧ ನೀರು ಅಂಗಿಯ ಮೇಲೆ ಬಿತ್ತು.

"ಕುಡಿ ಮೊದಲ. ಆಮ್ಯಾಲೆ ಹಾಕು ಅದನ್ನ."

ಗಾಡಿಯನ್ನು ಹಿಂದಕ್ಕೆ ನೂಕಿ, ಕೆಳಗೆ ಮಲಗಿ, ಸ್ವಿಚ್ಚು ಕೂರಿಸಲು ಗನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬೋಲ್ಟು ಎರಡು ಸಲ ಕೈಯಿಂದ ಜಾರಿತು. ಕೊನೆಗೆ ತಾನೇ ಒಳಗೆ ಕೂತು, ಬ್ರೇಕ್ ಒತ್ತಿ, ಗೇರನ್ನು ಓಡುವ 'ಡಿ'ಗೆ ಎಳೆದು ಕೀಲಿ ತಿರುಗಿಸಿದ.

ಗಾಡಿ ಉಸಿರೆತ್ತಲಿಲ್ಲ; ಸ್ವಿಚ್ಚು ತಡೆಯಿತು.

ಮತ್ತೆ ಕಟ್ಟೆ ಹತ್ತಿ ನಿಂತಿದ್ದ ಗಿರಿಜವ್ವ ಅಲ್ಲಿಂದ ಇಳಿಯಲಿಲ್ಲ. ಸೆರಗಿನ ತುದಿ ಮುಷ್ಟಿಯಲ್ಲಿತ್ತು.

"ಇನ್ನೊಮ್ಮೆ ತಿರುಗಸು" ಎಂದಳು.