ನಕಲು ಕೆಮ್ಮು

ಪರದೆಯಿಂದ ಫಿನಾಯಿಲಿನ ವಾಸನೆ, ಆಸ್ಪತ್ರೆಯ ಮಂಚದಿಂದಲೇ ದುಪ್ಪಟಿ ಎಳೆದು ತಂದಿರಬೇಕು ಜೊತೆಗೆ ಓದುವ ಈ ಚನ್ನಕೇಶವ, ಚಿಂತಾಮಣಿಯ ಸ್ಕೂಲು ಹಾಲಿನಲ್ಲಿ ಅದನ್ನೇ ಪರದೆಯೆಂದು ಕಟ್ಟಿದ್ದಾನೆ, ಆಚೆ ವಿಶ್ವವಿದ್ಯಾಲಯದ ಆರೋಗ್ಯ ಸಂಶೋಧನಾ ಸಂಸ್ಥೆಯ ವಾರ್ಷಿಕ ಸಭೆ, ಅರವತ್ತೆರಡನೇ ಇಸವಿಯ ಪ್ರಗತಿಯನ್ನೆಲ್ಲ ಓದಿ ಮುಗಿಸಿ ಆಕಳಿಸುತ್ತ ಮನರಂಜನೆಗೆ ಕಾದಿದೆ, ಈಚೆ ಡಾಕ್ಟರ್ ಆವುಲಪ್ಪ, ಕ್ಷಯರೋಗದ ಸ್ನಾತಕೋತ್ತರ ತರಬೇತಿಗೆ ಬಂದವನು, ಯಾರ ದನಿಯನ್ನಾದರೂ ಕದಿಯುವ ಗಂಟಲನ್ನು ಸರಿಮಾಡಿಕೊಳ್ಳುತ್ತ — ಮಹನೀಯರೇ, ನಡೆದದ್ದನ್ನೇ ಹೇಳ್ತೀನಿ ಎಂದು ಶುರುಮಾಡಿದರಾಯಿತು, ನಡೆದದ್ದೇ ತಾನೆ, ಸಾದಲಿ ಹಳ್ಳಿಯಲ್ಲಿ ಪರೀಕ್ಷೆಗೆಂದು ಕಫ ಕೇಳಿದರೆ ಜನ ಎಂಜಲು ಕೊಡುತ್ತಿದ್ದರು, ಅದೂ ಮುಖ ಆಚೆ ತಿರುಗಿಸಿ, ಅಯ್ಯೋ ಸ್ವಾಮಿ, ಡಾಕ್ಟ್ರ ಎದುರಿಗೆ ಯಾರಾನಾ ಉಗೀತಾರಾ ಎಂದಿದ್ದಳು ಮುದುಕಿ ಗಂಗುಲಮ್ಮ, ಮುಂದು ನುವ್ವು ದಗ್ಗು ನಾಯನಾ, ಮೊದಲು ನೀನು ಕೆಮ್ಮಪ್ಪ, ಆಮೇಲೆ ನಾನು. ಕೆಮ್ಮಿದ. ಯಾರ ಕೆಮ್ಮು ಬರಬೇಕು ಬಾಯಿಗೆ, ದಿನವೂ ಜೀಪಿನ ಮುಂದಿನ ಸೀಟಿನಿಂದ ಕೇಳುವ ಗುರುಗಳು ನರಸಿಂಹಪ್ಪ ಸಾಹೇಬರದೇ, ಮುದುಕಿ ನಗುತ್ತ ನಗುತ್ತ ಪಕ್ಕೆ ಹಿಡಿದು ನಿಜವಾಗಿಯೇ ಕೆಮ್ಮಿ ಡಬ್ಬಿಯೊಳಕ್ಕೆ ಎದೆಯಾಳದ ಕಪ್ಪಕಾಣಿಕೆ ಒಪ್ಪಿಸಿದಳು, ಜೀಪಿಗೆ ಒರಗಿದ್ದ ಸಾಹೇಬರು, ಭೇಷ್ ಕಣಯ್ಯಾ, ನನ್ನ ಸಿಗರೇಟು ಕೆಮ್ಮಿಗೂ ಒಂದು ಕೆಲಸ ಕೊಟ್ಟೆಯಲ್ಲ, ಎಂದು ಇನ್ನೊಂದು ಹಚ್ಚಿದರು.

ಪರದೆ ಸರಿಯಿತು, ಕನ್ನಡಕ ಮೂಗಿನ ತುದಿಗೆ ಜಾರಿತು, ಕೈಯಲ್ಲಿ ಕಫದ ಖಾಲಿ ಡಬ್ಬಿ, ಸಾಹೇಬರ ನಡಿಗೆಯಲ್ಲಿ ಒಂದು ಸುತ್ತು ಬಂದದ್ದೇ ಹಾಲೆಲ್ಲ ಗೊಳ್ಳೆಂದಿತು, ಅಯ್ಯೋ ಥೇಟು, ಥೇಟು ಕಣೋ, ಇನ್ನು ಕೆಮ್ಮು — ಮೊದಲು ಮೂಗಿನಲ್ಲೊಂದು ಗೊರಕೆ, ಆಮೇಲೆ ಎರಡು ಒಣ ಕೆಮ್ಮು, ಆಮೇಲೆ ಬಾಗುವುದು, ಬಾಗಿದ, ಇದೇನು ಎಡ ಮೊಣಕೈ ತಾನಾಗಿ ಪಕ್ಕೆಗೆ ಹೋಗಿ ಒತ್ತಿ ಕೂತಿದೆ, ಅದಕ್ಕೆ ಹೇಳಿಕೊಟ್ಟವರಾರು, ಕಣ್ಣು ನೋಡಿದ್ದನ್ನು ಮೈ ಕದ್ದಿದೆ, ಬುದ್ಧಿಗೆ ಸುದ್ದಿಯೇ ಇಲ್ಲ, ಮೊಣಕೈ ತೆಗೆದರೆ ಕೆಮ್ಮು ಸಾಹೇಬರದಾಗುವುದಿಲ್ಲ, ಒತ್ತಿದರೆ ಆಗುತ್ತದೆ, ಅಂದರೆ ಅಲ್ಲಿ ನೋವಿದೆ, ಸಿಗರೇಟಿನವರು ಪಕ್ಕೆ ಹಿಡಿಯುವುದಿಲ್ಲ, ಗಂಗುಲಮ್ಮ ಹಿಡಿದಿದ್ದಳು, ಅವಳ ಕಫ ಹಚ್ಚಿದ ಗಾಜಿನ ಮೇಲೆ ಕ್ಷಯದ ಕ್ರಿಮಿಗಳು, ಕೆಂಪು ಕಡ್ಡಿಗಳು, ಚೆಲ್ಲಿದ್ದವು, ದಿಬ್ಬೂರಹಳ್ಳಿಯ ರೇಷ್ಮೆ ಮನೆಯವನೂ ಹಿಡಿದಿದ್ದ, ಈಗ ಅವನಿಲ್ಲ, ಸುತ್ತಲಿನ ಹಳ್ಳಿಗಳ ಎದೆಯನ್ನೆಲ್ಲ ತಟ್ಟಿ ನೋಡಿದ ಸಂಸ್ಥೆ ಮುಂದಿನ ಸಾಲಿನಲ್ಲಿ ಕೂತ ಸಾಹೇಬರ ಈ ಒಂದು ಎದೆಯನ್ನು ತಟ್ಟಲಿಲ್ಲ, ದೇವರೇ.

ಇನ್ನೊಂದ್ಸಲ ಮಾಡಯ್ಯಾ ಆವುಲಪ್ಪ, ಸಾಹೇಬರೇ ಕೂಗುತ್ತಿದ್ದಾರೆ, ನಕ್ಕು ನಕ್ಕು ಕಣ್ಣಲ್ಲಿ ನೀರು, ಇವನು ವೇದಿಕೆಯಿಂದ ಇಳಿದು ಹೋಗಿ ಡಬ್ಬಿ ನೀಡಿದ, ಸಾರ್, ಇದರೊಳಕ್ಕೆ ಕೆಮ್ಮಿ ಸಾರ್, ಎದೆಯೊಳಗಿಂದ, ನಿಜವಾಗಿ ಹೇಳ್ತಿದೀನಿ — ಆದರೆ ಗಂಟಲಿಗೆ ತನ್ನ ದನಿ ಸಿಗಲೇ ಇಲ್ಲ, ಸಾಹೇಬರ ದನಿಯಲ್ಲೇ ಬಂತು, ಸಭೆಯೆಲ್ಲ ನಕ್ಕು ಉರುಳಾಡಿತು, ಅಯ್ಯೋ ಸಾಕು ಮಾರಾಯ ಎಂದ ಚನ್ನಕೇಶವ, ಇಲ್ಲ ಸಾರ್, ತಮಾಷೆಯಲ್ಲ ಸಾರ್, ಅದೂ ಅದೇ ದನಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಾರೆ ಸಾಹೇಬರು, ನಗು ಕೆಮ್ಮಾಗಿ ಕೆಮ್ಮು ನಗುವಾಗಿ, ಡಬ್ಬಿ ಇಬ್ಬರ ನಡುವೆ ಗಾಳಿಯಲ್ಲೇ, ಅವರ ಮೊಣಕೈ ಪಕ್ಕೆಯಲ್ಲಿ, ನಗುತ್ತಿದ್ದಾರೆ, ಮೊಣಕೈ ಪಕ್ಕೆಯಲ್ಲಿ, ಮೊಣಕೈ —