ರುದ್ರೇಶನ ನಿಲ್ಲದ ಬಟ್ಟಿ

ನಮ್ಮ ಕೆಳಗಿನ ಮನೆಗೆ ಬಾಡಿಗೆಗೆ ಬಂದ ಅಕ್ಕವ್ವನಿಗೆ ಬಟ್ಟಿ ಕೂರಿಸುವುದು ಗೊತ್ತು ಎಂದು ನನಗೆ ತಿಳಿದದ್ದು, ಭಾನುವಾರ ಬೆಳಿಗ್ಗೆ ಡೆಲಿವರಿ ಬೈಕುಗಳು ಗೇಟಿಗೆ ಬಂದು ನನ್ನ ರಂಗೋಲಿ ತುಳಿದು ಹಾಕಿದ ಮೇಲೆ. ಗೋವಿಂದರಾಜನಗರ, ಆರ್‌ಪಿಸಿ ಲೇಔಟ್ ಅಂತ ಎಲ್ಲೆಲ್ಲೋ ರೂಮು ಮಾಡಿಕೊಂಡಿದ್ದ ಸಿಂದಗಿ ಕಡೆಯ ಹುಡುಗರು ಬರಿಹೊಟ್ಟೆಯಲ್ಲಿ ಬಂದು ಅವಳ ಚಾಪೆಯ ಮೇಲೆ ಅಂಗಾತ ಮಲಗುತ್ತಿದ್ದರು. ಭಾರ ಎತ್ತಿದರೆ, ಬೈಕನ್ನು ಗುಂಡಿಗೆ ಇಳಿಸಿದರೆ, ಹೊಕ್ಕುಳ ಹತ್ತಿರ ಬಡಿಯುವ ನಾಡಿ ಜಾಗ ಬಿಟ್ಟು ಸರಿಯುತ್ತದಂತೆ. ಅದೇ ಬಟ್ಟಿ. ಅಕ್ಕವ್ವ ಹರಳೆಣ್ಣೆ ಹಚ್ಚಿ, ಹೆಬ್ಬೆರಳಲ್ಲಿ ಅದನ್ನು ಹುಡುಕಿ, ಮತ್ತೆ ನಡುವಿಗೆ ಎಳೆದು ತರುತ್ತಿದ್ದಳು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೆ ಜಗಳಕ್ಕೆ ಹೋದವಳ ಕೈಗೆ ಬಿಸಿ ರೊಟ್ಟಿ ಇಟ್ಟರೆ ಏನು ಮಾಡುವುದು? ಉಂಡ ಮನೆಯ ಜಂತೆ ಎಣಿಸಬಾರದು ಎಂದು ಸುಮ್ಮನಾದೆ.

ಅವಳದೊಂದು ಕಟ್ಟುನಿಟ್ಟಿತ್ತು. ನೋವು ಬಲಗಡೆ ಕೆಳಹೊಟ್ಟೆಯಲ್ಲಿದ್ದರೆ ಮುಟ್ಟುತ್ತಿರಲಿಲ್ಲ. ಅಪೆಂಡಿಕ್ಸ್ ಇರಬಹುದು ಎಂದು ನೇರ ಆಸ್ಪತ್ರೆಗೆ ಅಟ್ಟುತ್ತಿದ್ದಳು. ಅವಳ ಸ್ವಂತ ತಮ್ಮ ಅದರಲ್ಲೇ ತೀರಿಹೋಗಿದ್ದ. ನಡುವಿನ ಇಲ್ಲವೇ ಎಡಗಡೆಯ ನೋವಾದರೆ ಮಾತ್ರ ತನ್ನ ಕೆಲಸ.

ಆ ಹುಡುಗರಲ್ಲಿ ಅವಳ ಕೈಗೆ ಬಗ್ಗದೆ ಉಳಿದದ್ದು ರುದ್ರೇಶನ ಹೊಟ್ಟೆಯೊಂದೇ. ಊರವರಿಗೆಲ್ಲ ಊಟ ಮುಟ್ಟಿಸಿ ತಾನು ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವವನು, ಹೊಟ್ಟೆ ಕೆಡದೆ ಇನ್ನೇನು. ಎಲ್ಲರ ನಾಡಿಯೂ ನಡುವಿಗೋ ತುಸು ಎಡಕ್ಕೋ ಸಿಕ್ಕರೆ, ನೋವು ನಡುಹೊಟ್ಟೆಯಲ್ಲೇ ಇದ್ದರೂ ಇವನದು ಯಾವಾಗಲೂ ಬಲಕ್ಕೆ. ಎಳೆದು ಕೂರಿಸಿದರೆ ಮುಂದಿನ ವಾರಕ್ಕೆ ಮತ್ತೆ ಬಲಕ್ಕೆ. ಎರಡು ವರ್ಷ ಇದೇ ನಡೆಯಿತು. ಬ್ಯಾಗು ಹೊರುವುದು ಕಡಿಮೆ ಮಾಡು ಎಂದು ಅವಳು ಬೈಯುತ್ತಿದ್ದಳು, ಅವನು ನಗುತ್ತಿದ್ದ. ಆಯಿ ಎಂದು ಕರೆಯುತ್ತಿದ್ದ. ಮಕ್ಕಳಿಲ್ಲದ ಅವಳಿಗೆ ಅಷ್ಟೇ ಸಾಕಾಗಿತ್ತು.

ಕಳೆದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವನು ಎಡ ಕೆಳಹೊಟ್ಟೆ ಹಿಡಿದುಕೊಂಡು ಬಂದ. ನಾನು ಇಳಿದು ಹೋಗುವಷ್ಟರಲ್ಲಿ ವಾಂತಿ ಮಾಡಿಕೊಂಡಿದ್ದ, ಮೈ ಕೆಂಡವಾಗಿತ್ತು. ಅಕ್ಕವ್ವ ಕೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಅವನು ಕೈ ತಾಕಿಸಲೂ ಬಿಡುತ್ತಿರಲಿಲ್ಲ.

"ಬಲಕ್ಕಿದ್ರ ನಾನೇ ಕಳಸ್ತಿದ್ನಲ್ರೀ ಜೋತಕ್ಕಾ," ಎಂದಳು. "ಇದು ಎಡಕ್ಕೈತಿ."

ನನಗೆ ಸಿಟ್ಟು ನೆತ್ತಿಗೇರಿತು. "ಹುಡುಗ ಸುಡ್ತಾ ಇದಾನೆ ಅಕ್ಕವ್ವ. ಎಡ ಬಲ ಆಮೇಲೆ ನೋಡೋಣ," ಎಂದು ಹೇಳಿ ಆಟೋ ಕರೆದೆ.

ಆಸ್ಪತ್ರೆಯಲ್ಲಿ ಅವನ ಎದೆಯ ಎಕ್ಸ್‌ರೇಯನ್ನು ಮತ್ತೊಮ್ಮೆ ತೆಗೆದರು. ಮೊದಲನೆಯದು ತಿರುವುಮುರುವಾಗಿದೆ ಎಂದುಕೊಂಡರಂತೆ. ಎರಡನೆಯದೂ ಹಾಗೇ ಬಂತು. ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು: ಇವನ ಹೃದಯ ಬಲಕ್ಕಿದೆ, ಲಿವರ್ ಎಡಕ್ಕಿದೆ, ಒಳಗಿರುವುದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ. ಎಷ್ಟೋ ಸಾವಿರ ಜನರಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ, ಗೊತ್ತೇ ಆಗದೆ ಚೆನ್ನಾಗಿ ಬಾಳುತ್ತಾರೆ. ಅಪೆಂಡಿಕ್ಸೂ ಎಡಕ್ಕೇ ಇದೆ, ಊದಿದೆ, ಒಡೆಯುವ ಮೊದಲು ತೆಗೆಯಬೇಕು. ಅಂದೇ ಸಂಜೆ ತೆಗೆದರು. ಹುಡುಗ ಉಳಿದ.

ಅಕ್ಕವ್ವ ಡಾಕ್ಟರಮ್ಮನನ್ನು ಮತ್ತೆ ಹುಡುಕಿಕೊಂಡು ಹೋದಳು. ತಡ ಮಾಡಿದ್ದಕ್ಕೆ ಕ್ಷಮೆ ಕೇಳುತ್ತಾಳೆ ಎಂದುಕೊಂಡಿದ್ದೆ.

"ಎರಡು ವರ್ಷ ನಾ ಎಳದೀನ್ರಿ," ಎಂದಳು. "ಎಳದು ಎಳದು ನಾನೇ ಇವನ ಒಳಗಿಂದೆಲ್ಲಾ ಅದಲಬದಲ ಮಾಡಿಬಿಟ್ನೇನ್ರಿ?"

ಡಾಕ್ಟರಮ್ಮ ನಗಲಿಲ್ಲ. ತಾಯಿಯ ಹೊಟ್ಟೆಯಲ್ಲೇ ಹೀಗಾಗಿರುತ್ತದೆ, ಯಾರ ಕೈಯಿಂದಲೂ ಆಗುವಂಥದ್ದಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಅಕ್ಕವ್ವ ತಲೆಯಾಡಿಸಿದಳು. ನಂಬಲಿಲ್ಲ. ನಾನು ಸಾರಿ ಸಾರಿ ಹೇಳಿದರೂ ನಂಬಲಿಲ್ಲ. ಚಾಪೆಯನ್ನು ಅಟ್ಟಕ್ಕೆ ಹಾಕಿದಳು, ಭಾನುವಾರ ಬಂದ ಹುಡುಗರನ್ನು ಗೇಟಿನಿಂದಲೇ ವಾಪಸು ಕಳಿಸಿದಳು. ನನ್ನ ರಂಗೋಲಿ ಸಂಜೆಯವರೆಗೂ ಕೆಡದೆ ಉಳಿಯಿತು.

ರುದ್ರೇಶನನ್ನು ಆಸ್ಪತ್ರೆಯಿಂದ ಅಕ್ಕವ್ವನ ಮನೆಗೇ ಕರೆತಂದೆವು. ಅವನ ತಾಯಿ ಕಲಾವತಿಯೂ ಊರಿನಿಂದ ನೇರ ಅಲ್ಲಿಗೇ ಬಂದಳು. ಮಲಗಿದ್ದ ಮಗನನ್ನು ನೋಡಿ ಬಂದು ಅವಳಿನ್ನೂ ಕೂತಿರಲಿಲ್ಲ, ಅಷ್ಟರಲ್ಲಿ ಅಕ್ಕವ್ವ ತನಗಿಂತ ಕಿರಿಯಳ ಕಾಲು ಹಿಡಿದುಬಿಟ್ಟಳು.

"ನಿನ್ನ ಮಗನ ಎದಿ ನಾ ಸರಿಸೀನವ್ವಾ. ನನ್ನ ಬೈದುಬಿಡು."

ಕಲಾವತಿಗೆ ತಲೆಬುಡ ತಿಳಿಯಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಾನೇ ಬಿಡಿಸಿ ಹೇಳಿದೆ. ಕೇಳುತ್ತಿದ್ದವಳು ತನ್ನ ಎಡ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಹಿರೇ ಮಗಳನ್ನ ಎದಿಗೆ ಅವಚಿಕೊಂಡ್ರ ಅಕೀ ಎದಿ ನನ್ನ ಬಲಗಡೆ ಬಡಕೋತಿತ್ರಿ. ಇವಂದು ಆ ಕಡೆ ಎಂದೂ ಸಿಗಲಿಲ್ಲ. ಇಲ್ಲೇ, ನಂದರ ಮ್ಯಾಲೇ ಬಡಕೋತಿತ್ತು. ನಾ ಅದನ್ನ ನಂದೇ ಅಂತ ತಿಳಕೊಂಡಿದ್ದೆ."

ಅಕ್ಕವ್ವ ತಲೆಯೆತ್ತಿ ಅವಳನ್ನೇ ನೋಡಿದಳು. ಕೂಸಾಗಿದ್ದಾಗಲೂ ಹಾಗೇ ಇತ್ತೇ ಎಂದು ಎರಡೆರಡು ಸಲ ಕೇಳಿದಳು. ಹೌದು ಎಂದ ಮೇಲೆ ಕಾಲು ಬಿಟ್ಟಳು. ಆಸ್ಪತ್ರೆಯಲ್ಲೂ ಅಳದಿದ್ದವಳು ಆಗ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಅವಳ ಜೊತೆ ಕಲಾವತಿಯೂ ಅತ್ತಳು, ನಾನೇನು ಕಲ್ಲಲ್ಲ.

ಆಮೇಲೆ ಅಕ್ಕವ್ವ ಒಳಗೆ ಹೋಗಿ, ನಿದ್ದೆಯಲ್ಲಿದ್ದ ಹುಡುಗನ ಬಲ ಎದೆಯ ಮೇಲೆ ಅಂಗೈ ಇಟ್ಟಳು. ಒತ್ತಲಿಲ್ಲ, ಎಳೆಯಲಿಲ್ಲ. ಅವನು ಏಳುವವರೆಗೂ ಹಾಗೇ ಕೂತಿದ್ದಳು.